ಫೈಬರ್ ಬೋಟಿನ ನೆಲ ಮೆತ್ತಗಾಗಿದೆಯಾ? ಹಲಗೆ ಕೀಳುವ ಮೊದಲು ನೋಡಬೇಕಾದ್ದು

ಹಳೇ ಫೈಬರ್‌ಗ್ಲಾಸ್ ಸ್ಕೀ ಬೋಟ್ (ಕಾಲಿಗೆ ಪಟ್ಟಿ ಕಟ್ಟಿ ಹಗ್ಗ ಹಿಡಿದವರನ್ನು ನೀರಿನ ಮೇಲೆ ಎಳೆದೊಯ್ಯುವ ಬೋಟ್) ಮನೆಗೆ ತಂದವರ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಒಳಗೆ ಕಾಲಿಟ್ಟರೆ ನೆಲ ಕುಗ್ಗುತ್ತದೆ. ನೀರಿಗಿಳಿಸಿದರೆ ಬೋಟ್ ಭಾರ. ಮೋಟಾರ್ ಜೋರಾಗಿ ಕೂಗುತ್ತದೆ, ಮೂತಿ ಮೇಲೇಳುತ್ತದೆ, ಆದರೆ ನೀರಿನ ಮೇಲೆದ್ದು ಜಾರುವುದಿಲ್ಲ. ಹಗ್ಗ ಹಿಡಿದ ಹುಡುಗ ಎದ್ದು ನಿಲ್ಲಲಾಗದೆ ನೀರಲ್ಲೇ ಎಳೆಸಿಕೊಂಡು ಹೋಗುತ್ತಾನೆ.

ಇವು ಎರಡು ಬೇರೆ ಬೇರೆ ದೋಷ ಅಂತ ಕಾಣುತ್ತವೆ. ಬಹಳ ಸಲ ಬೇರು ಒಂದೇ. ಫೈಬರ್ ಒಳಗೆ ಅಡಗಿರುವ ಮರ ಕೊಳೆತಿರುತ್ತದೆ, ಅದರ ಪಕ್ಕದ ಫೋಮ್ ನೀರು ಕುಡಿದಿರುತ್ತದೆ. ಮೇಲಿನ ಹಲಗೆ ಮೆತ್ತಗಾಗಿರುವುದು ಬರೀ ಸುಳಿವು. ಹಲಗೆ ಬದಲಾಯಿಸಿ ಕೆಲಸ ಮುಗಿಯಿತು ಅಂದುಕೊಂಡರೆ ಕೆಳಗಿನ ಕೊಳೆತ ಹಾಗೇ ಉಳಿಯುತ್ತದೆ, ಹೊಸ ಹಲಗೆಯೂ ಅದೇ ದಾರಿ ಹಿಡಿಯುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವ ಬೋಟ್ ನನ್ನ ಷಡ್ಡಕನದ್ದು. 17 ಅಡಿ ಉದ್ದ, ಹಿಂದೆ ಔಟ್‌ಬೋರ್ಡ್ ಮೋಟಾರ್, ನೆಲದ ನಡುವೆ ಸ್ಕೀ ಹಗ್ಗ ಕಟ್ಟುವ ಕಂಬ. ಕರಾವಳಿ ಕಡೆಯಿಂದ ಲಾರಿಯಲ್ಲಿ ಬಂದದ್ದು, ಈಗ ತುಮಕೂರಿನ ಗುಬ್ಬಿ ರಸ್ತೆಯ ತೋಟದ ಶೆಡ್ಡಿನಲ್ಲಿದೆ. ನಮ್ಮ ಕಡೆ ಇರುವ ಕಷ್ಟ ಏನೆಂದರೆ, ಅನುಮಾನ ಬಂದಾಗೆಲ್ಲ ನೀರಿಗಿಳಿಸಿ ನೋಡೋಕಾಗಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಒಯ್ದರೂ ಅನುಮತಿ ಇಲ್ಲದೆ ಜಲಾಶಯಕ್ಕೆ ಮೋಟಾರ್ ಬೋಟ್ ಇಳಿಸುವ ಹಾಗಿಲ್ಲ. ಹಾಗಾಗಿ ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಶೆಡ್ಡಿನಲ್ಲೇ ಆಗುವಂಥವು.

ಮೊದಲು ಮೋಟಾರನ್ನು ಆರೋಪದಿಂದ ಬಿಡುಗಡೆ ಮಾಡಿ

ಭಾರದ ತಪ್ಪನ್ನು ಮೋಟಾರಿನ ಮೇಲೆ ಹಾಕುವುದು ಸುಲಭ. ಮೋಟಾರಿನ ತಪ್ಪನ್ನು ಭಾರದ ಮೇಲೆ ಹಾಕುವುದೂ ಅಷ್ಟೇ ಸುಲಭ. ಇದನ್ನು ಬೇರ್ಪಡಿಸಲು ಆರ್‌ಪಿಎಂ ಮೀಟರ್ ಸಾಕು. ಕೊನೇ ಸಲ ನೀರಿಗಿಳಿದಾಗ ಆರ್‌ಪಿಎಂ ಸರಾಗ ಏರಿ ವೇಗ ಮಾತ್ರ ಬರಲಿಲ್ಲ ಅಂದರೆ ಪ್ರೊಪೆಲರ್ ನೋಡಿ. ಅದರ ನಡುವಿನ ರಬ್ಬರ್ ಬುಷ್ ಜಾರುತ್ತಿರಬಹುದು. ಒಳಗಿನ ಬುಷ್‌ನಿಂದ ಹೊರಗಿನ ರೆಕ್ಕೆಯ ಬುಡದವರೆಗೆ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದಿಡಿ. ಮುಂದಿನ ಓಟದ ನಂತರ ಗೆರೆ ತುಂಡಾಗಿ ಅಕ್ಕಪಕ್ಕ ಸರಿದಿದ್ದರೆ ಬುಷ್ ಹೋಗಿದೆ. ಬೋಟಿನ ನೆಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಆರ್‌ಪಿಎಂ ಏರುವುದೇ ಇಲ್ಲ ಅಂದರೆ ಎರಡು ಸಾಧ್ಯತೆ: ಮೋಟಾರಿಗೆ ಶಕ್ತಿ ಇಲ್ಲ, ಇಲ್ಲವೇ ಹೊರೆ ಜಾಸ್ತಿ. ಕಂಪ್ರೆಷನ್ ಗೇಜ್ ಹಾಕಿ ಎಲ್ಲ ಸಿಲಿಂಡರಿನ ಒಳಗಿನ ಒತ್ತಡ ಅಳೆಯಿರಿ. ಬೈಕ್ ಮೆಕ್ಯಾನಿಕ್ ಹತ್ತಿರ ಇರುವ ಗೇಜೇ ಆಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅಲ್ಲೇ ನಿಲ್ಲಿ, ಮೋಟಾರ್ ಬಿಚ್ಚಬೇಕು. ಎಲ್ಲ ಸಮವಾಗಿದ್ದರೆ ಪೆಟ್ರೋಲ್ ನೋಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಅದರಲ್ಲಿ ನೂರಕ್ಕೆ 20 ಭಾಗ ಎಥನಾಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಎಳೆದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ಕೆಳಗೊಂದು ಪದರ, ಮೇಲೊಂದು ಪದರ ಆಗಿ ನಿಂತರೆ ಆ ಪೆಟ್ರೋಲ್ ಮೋಟಾರಿಗೆ ಬೇಡ.

ಶೆಡ್ಡಿನಲ್ಲಿ ಮೋಟಾರ್ ಚಾಲು ಮಾಡುವುದಾದರೆ ನೀರು ಎಳೆಯುವ ಜಾಗಕ್ಕೆ ರಬ್ಬರ್ ಕಪ್ ಸಿಕ್ಕಿಸಿ ನಲ್ಲಿ ಪೈಪ್ ಕೊಡಿ. ಒಣಗಿದ್ದಾಗ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಚಕ್ರ ನೋಡನೋಡುತ್ತಲೇ ಸುಟ್ಟುಹೋಗುತ್ತದೆ.

ವೇ ಬ್ರಿಡ್ಜ್ ಸುಳ್ಳು ಹೇಳಲ್ಲ

ಮೋಟಾರ್ ಸರಿ ಇದೆ ಅಂತಾದರೆ ತೂಕ ಮಾಡಿಸಿ. ಬಟವಾಡಿಯ ಎಪಿಎಂಸಿ ಕಡೆ ಲಾರಿ ತೂಗುವವರು ಟ್ರೈಲರ್ ಮೇಲಿನ ಬೋಟ್ ನೋಡಿ ನಗಬಹುದು, ನಗಲಿ ಬಿಡಿ. ಎಳೆಯುವ ಗಾಡಿಯಿಂದ ಕಳಚಿ, ಬೋಟ್ ಸಮೇತ ಟ್ರೈಲರ್ ಮಾತ್ರ ತೂಕಕ್ಕೆ ನಿಲ್ಲಿಸಿ ಚೀಟಿ ತಗೊಳ್ಳಿ. ಆಮೇಲೆ ಶೆಡ್ಡಿನಲ್ಲಿ ಚೈನ್ ಬ್ಲಾಕ್ ಹಾಕಿ ಬೋಟ್ ಎತ್ತಿಟ್ಟು ಖಾಲಿ ಟ್ರೈಲರ್ ತೂಗಿಸಿ. ಕಳೆದರೆ ಬೋಟಿನ ತೂಕ. ಅದರಿಂದ ಮೋಟಾರ್, ಬ್ಯಾಟರಿ, ಪೆಟ್ರೋಲ್ ಕಳೆಯಿರಿ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿ ಹತ್ತಿರ ಹಿಡಿಯಿರಿ. ಬೋಟಿನ ಮೇಲಿನ ಪ್ಲೇಟಿನಲ್ಲೋ ಕಂಪನಿಯ ಹಳೇ ಪುಸ್ತಕದಲ್ಲೋ ಖಾಲಿ ತೂಕ ಕೊಟ್ಟಿರುತ್ತಾರೆ. ಅದಕ್ಕಿಂತ 30–40 ಕೆಜಿ ಜಾಸ್ತಿ ಇದ್ದರೆ ಚಿಂತೆ ಬೇಡ, ಯಾರೋ ಎಂದೋ ಕಾರ್ಪೆಟ್ಟು, ಬಣ್ಣ ಹಾಕಿರುತ್ತಾರೆ. ನೂರಾರು ಕೆಜಿ ಜಾಸ್ತಿ ಇದ್ದರೆ ಅದು ನೀರು. ಒಂದು ಲೀಟರ್ ಒಂದು ಕೆಜಿ, ಲೆಕ್ಕ ನೇರ.

ಕೆಲವರು ತಿಂಗಳುಗಟ್ಟಲೆ ಬಿಸಿಲಲ್ಲಿಟ್ಟು ಮತ್ತೆ ತೂಗಿಸುತ್ತಾರೆ. ತೂಕ ಇಳಿಯದೇ ಇದ್ದರೆ ನೀರಿಲ್ಲ ಅಂತ ತೀರ್ಮಾನಿಸುತ್ತಾರೆ. ಅದು ತಪ್ಪು. ನೆಲದ ಕೆಳಗಿನ ಫೋಮ್ ಒಮ್ಮೆ ನೀರು ಕುಡಿದರೆ ಮುಚ್ಚಿದ ಪೆಟ್ಟಿಗೆಯೊಳಗೆ ಅದು ತಾನಾಗಿ ಒಣಗಲ್ಲ.

ಬಡಿದು ನೋಡುವುದು

ಈಗ ನೀರು ಎಲ್ಲಿದೆ ಅಂತ ಹುಡುಕಬೇಕು. ಬೋಟಿನ ಒಳರಚನೆ ಗೊತ್ತಿಲ್ಲದವರಿಗೆ ಎರಡು ಮಾತು. ಹೊರಚಿಪ್ಪು ಫೈಬರ್. ತಳದ ಮೇಲೆ ಉದ್ದಕ್ಕೆ ಮರದ ತೊಲೆಗಳು ಹೋಗುತ್ತವೆ, ಅವಕ್ಕೆ ಸ್ಟ್ರಿಂಗರ್ ಅನ್ನುತ್ತಾರೆ. ಅವುಗಳ ಸುತ್ತ ಫೈಬರ್ ಹೊದಿಕೆ, ನಡುವಿನ ಜಾಗದಲ್ಲಿ ಫೋಮ್, ಮೇಲೆ ಪ್ಲೈವುಡ್ ನೆಲ. ಹಿಂದೆ ಮೋಟಾರ್ ನೇತುಹಾಕುವ ಅಡ್ಡಗೋಡೆ ಟ್ರಾನ್ಸಮ್. ಅದರ ಹೊಟ್ಟೆಯಲ್ಲೂ ದಪ್ಪ ಪ್ಲೈವುಡ್ ಇರುತ್ತದೆ.

ತಿಪಟೂರು ಪಕ್ಕದಲ್ಲಿರುವ ನಮಗೆ ತೆಂಗಿನಕಾಯಿ ಬಡಿದು ನೋಡುವುದನ್ನು ಯಾರೂ ಕಲಿಸಬೇಕಿಲ್ಲ. ಇದೂ ಅದೇ ವಿದ್ಯೆ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಎರಡೆರಡು ಇಂಚಿಗೆ ಒಂದರಂತೆ ಮೆಲ್ಲಗೆ ಬಡಿಯುತ್ತಾ ಹೋಗಿ. ಒಳಗೆ ಮರ ಗಟ್ಟಿ ಇದ್ದರೆ ಟಕ್ ಅನ್ನುವ ಚುರುಕು ಸದ್ದು. ಕೊಳೆತಿದ್ದರೆ, ಅಥವಾ ಫೈಬರ್ ಪದರ ಮರದಿಂದ ಬಿಟ್ಟುಕೊಂಡಿದ್ದರೆ ಡಬ್ ಅನ್ನುವ ಸತ್ತ ಸದ್ದು. ಸದ್ದು ಬದಲಾದ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಒಂದು ಎಚ್ಚರಿಕೆ: ಹಿಂದೆ ಫೋಮ್ ಇರುವ ಕಡೆ ಎಲ್ಲ ಸರಿ ಇದ್ದರೂ ಮಂಕಾದ ಸದ್ದೇ ಬರುತ್ತದೆ. ಅದಕ್ಕೇ ಎಡಗಡೆ ಬಡಿದ ಜಾಗವನ್ನು ಬಲಗಡೆಯ ಅದೇ ಜಾಗದ ಜೊತೆ ಹೋಲಿಸಿ. ಎರಡೂ ಒಂದೇ ಥರ ಇದ್ದರೆ ಹೆಚ್ಚಿನ ಸಲ ಅದು ಕಟ್ಟಿದ ರೀತಿ, ಕಾಯಿಲೆಯಲ್ಲ.

ಟ್ರಾನ್ಸಮ್‌ಗೆ ಇನ್ನೊಂದು ಪರೀಕ್ಷೆ ಇದೆ. ಮೋಟಾರನ್ನು ಅರ್ಧ ಮೇಲೆತ್ತಿ, ಅದರ ಕೆಳತುದಿಯ ಮೇಲೆ ಕೈಯೂರಿ ಒತ್ತಿ ಬಿಡಿ. ಇನ್ನೊಬ್ಬರು ಬೋಟಿನ ಒಳಗಿನಿಂದ ಟ್ರಾನ್ಸಮ್ ನೋಡುತ್ತಿರಲಿ. ಗೋಡೆ ಕಣ್ಣಿಗೆ ಕಾಣುವಷ್ಟು ಬಾಗಿದರೆ ಮುಂದೆ ಮಾತಾಡುವುದೇ ಬೇಡ. ಬಾಗದಿದ್ದರೂ ಬೋಲ್ಟಿನ ವಾಷರ್ ನೋಡಿ. ಅದು ಫೈಬರಿನೊಳಕ್ಕೆ ಹೂತುಕೊಂಡಿದ್ದರೆ ಹಿಂದಿನ ಮರ ಪುಡಿಯಾಗಿದೆ.

ಡ್ರಿಲ್ ಹಾಕಿದರೆ ಸತ್ಯ ಹೊರಬರುತ್ತದೆ

ಸದ್ದು ಅನುಮಾನ ಹುಟ್ಟಿಸುತ್ತದೆ, ತೀರ್ಪು ಕೊಡಲ್ಲ. ತೀರ್ಪಿಗೆ ಮರದ ಪುಡಿ ಬೇಕು. 5 ಎಂಎಂ ಬಿಟ್ ತಗೊಂಡು ತುದಿಯಿಂದ 25 ಎಂಎಂ ದೂರಕ್ಕೆ ಟೇಪ್ ಸುತ್ತಿ. ಅಲ್ಲಿಗೆ ನಿಲ್ಲಿಸಬೇಕು, ಹೊರಚಿಪ್ಪು ತೂತಾಗಬಾರದು. ಯಾವಾಗಲೂ ಬೋಟಿನ ಒಳಗಿನಿಂದಲೇ ಕೊರೆಯಿರಿ. ಟ್ರಾನ್ಸಮ್‌ನಲ್ಲಿ ಆದಷ್ಟು ಕೆಳಗೆ, ಡ್ರೈನ್ ಪ್ಲಗ್ಗಿನ (ಒಳಗಿನ ನೀರು ಹೊರಬಿಡುವ ತೂತಿನ ಬಿರಡೆ) ಅಕ್ಕಪಕ್ಕ, ಮೋಟಾರಿನ ಕೆಳ ಬೋಲ್ಟುಗಳ ಹತ್ತಿರ. ಸ್ಟ್ರಿಂಗರಿಗೆ ಪಕ್ಕದಿಂದ, ಅದರ ಕೆಳಗಿನ ಮೂರನೇ ಒಂದು ಭಾಗದಲ್ಲಿ. ನೀರು ನಿಲ್ಲುವುದು ಅಲ್ಲೇ. ವೇಗ ಕಮ್ಮಿ ಇರಲಿ, ಇಲ್ಲದಿದ್ದರೆ ಬಿಸಿಗೆ ಪುಡಿ ಒಣಗಿ ನಿಮಗೇ ಮೋಸ ಮಾಡುತ್ತದೆ.

ಒಳ್ಳೇ ಮರದಿಂದ ತಿಳಿ ಬಣ್ಣದ, ಸುರುಳಿ ಸುರುಳಿ ಸಿಪ್ಪೆ ಬರುತ್ತದೆ, ಒಣಗಿರುತ್ತದೆ. ಕೆಟ್ಟ ಮರದಿಂದ ಕಾಫಿ ಬಣ್ಣದ ಹಿಟ್ಟು ಬರುತ್ತದೆ, ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ, ಮುಗ್ಗಲು ವಾಸನೆ. ನಮ್ಮ ಬೋಟಿನ ಟ್ರಾನ್ಸಮ್‌ನಲ್ಲಿ ಮೇಲೆ ಕೊರೆದಾಗ ಸೊಗಸಾದ ಸಿಪ್ಪೆ ಬಂತು. ಡ್ರೈನ್ ಪ್ಲಗ್ಗಿಗಿಂತ ನಾಲ್ಕು ಬೆರಳು ಮೇಲೆ ಕೊರೆದು ಬಿಟ್ ಹೊರಗೆಳೆದಾಗ ತೂತಿನಿಂದ ಕಂದು ನೀರು ತೊಟ್ಟಿಕ್ಕತೊಡಗಿತು, ಸಂಜೆವರೆಗೂ ನಿಲ್ಲಲಿಲ್ಲ. ಪ್ರತಿ ತೂತಿನ ಪುಡಿಯನ್ನೂ ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿ ಕಟ್ಟಿ ಜಾಗ ಬರೆದಿಡಿ.

ಕಣ್ಣಿನ ಮೇಲೆ ನಂಬಿಕೆ ಇಲ್ಲದಿದ್ದರೆ ಪುಡಿಯನ್ನು ತೂಗಿ. ಗ್ರಾಮಿನ ಭಾಗ ತೋರಿಸುವ ಚಿಕ್ಕ ತಕ್ಕಡಿ ಬೇಕು. ಹಸಿ ತೂಕ ಬರೆದುಕೊಂಡು, ಓವನ್ನಿನಲ್ಲಿ 100 ಡಿಗ್ರಿಗಿಂತ ಸ್ವಲ್ಪ ಮೇಲೆ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. 10 ಗ್ರಾಂ ಇದ್ದದ್ದು 7 ಗ್ರಾಂ ಆಯಿತು ಅಂದುಕೊಳ್ಳಿ. ಹೋದ 3ನ್ನು ಉಳಿದ 7ರಿಂದ ಭಾಗಿಸಿದರೆ ತೇವ ನೂರಕ್ಕೆ 43. ಮರದಲ್ಲಿ ತೇವ ನೂರಕ್ಕೆ 20ರ ಕೆಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯಲ್ಲ. 30ರ ಹತ್ತಿರ ಬಂದರೆ ಅದಕ್ಕೆ ಹಬ್ಬ.

ಫೋಮ್‌ಗೆ ಡ್ರಿಲ್ ಸಾಲದು. ನೆಲದ ಹಿಂಭಾಗದಲ್ಲಿ, ಎರಡು ಸ್ಟ್ರಿಂಗರುಗಳ ನಡುವೆ, ಹೋಲ್ ಸಾ ಹಾಕಿ ಎರಡೂವರೆ ಇಂಚಿನ ಬಿಲ್ಲೆ ತೆಗೆಯಿರಿ. ಅಲ್ಲಿಂದ ಕೆಳಗೆ ಅಡುಗೆಮನೆಯ ಉದ್ದ ಚಾಕು ಸಾಕು. ಫೋಮನ್ನು ತಳದವರೆಗೂ ಕತ್ತರಿಸಿ ಎತ್ತಿ, ಕೆಳಗಿನ ಒಂದು ಇಂಚನ್ನು ಅಂಗೈಯಲ್ಲಿ ಹಿಂಡಿ. ಮೇಲೆ ಪೂರಾ ಒಣಗಿದ್ದು ಕೆಳಗೆ ನೀರು ಸುರಿಯುವುದು ಮಾಮೂಲು. ಮೇಲಷ್ಟೇ ಮುಟ್ಟಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ನೀರು ಬಂದದ್ದು ಎಲ್ಲಿಂದ?

ಕೊಳೆತದ್ದು ಎಷ್ಟು ಅಂತ ಗೊತ್ತಾದ ಮೇಲೂ ಈ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಉತ್ತರ ಸಿಗದೆ ರಿಪೇರಿ ಶುರು ಮಾಡಬಾರದು. ಸಮುದ್ರದ ಕಡೆಯಿಂದ ಬಂದ ಬೋಟ್ ಅಂದ ತಕ್ಷಣ ಜನ ಉಪ್ಪು ನೀರಿನ ಮೇಲೆ ತಪ್ಪು ಹೊರಿಸುತ್ತಾರೆ. ಕಬ್ಬಿಣ, ಅಲ್ಯೂಮಿನಿಯಂಗೆ ಅದು ನಿಜ. ಮರ ಕೊಳೆಯಲು ಸಿಹಿ ನೀರೇ ಹೆಚ್ಚು ಅನುಕೂಲ. ಟ್ರೈಲರ್ ಮೇಲೆ ಟಾರ್ಪಾಲಿಲ್ಲದೆ ನಿಂತ ಬೋಟನ್ನು ಮಳೆಯೇ ಮುಗಿಸಿರುತ್ತದೆ.

ಸ್ಕೀ ಬೋಟಿನಲ್ಲಿ ನಾನು ಮೊದಲು ಅನುಮಾನಿಸುವುದು ಹಗ್ಗ ಕಟ್ಟುವ ಜಾಗಗಳನ್ನು. ಟ್ರಾನ್ಸಮ್‌ನಲ್ಲಿ ಎರಡು ಯು-ಬೋಲ್ಟ್ ಇರುತ್ತವೆ, ಅವು ಮರದ ಮೂಲಕ ಆರಪಾರ ಹೋಗಿರುತ್ತವೆ. ಸ್ಕೀ ಮಾಡುವವರು ಎದ್ದು ನಿಲ್ಲುವಾಗ ಪ್ರತಿ ಸಲವೂ ಅಲ್ಲಿ ಜಗ್ಗು ಬೀಳುತ್ತದೆ. ವರ್ಷಗಟ್ಟಲೆ ಜಗ್ಗಿದರೆ ಸೀಲೆಂಟ್ ಬಿಟ್ಟುಕೊಂಡು, ಕಣ್ಣಿಗೆ ಕಾಣದ ಸಂದಿಯಲ್ಲಿ ನೀರು ಮರಕ್ಕಿಳಿಯುತ್ತದೆ. ನಡುವಿನ ಕಂಬದ ಬುಡದ ಬೋಲ್ಟುಗಳ ಕಥೆಯೂ ಇದೇ. ಒಂದು ಬೋಲ್ಟ್ ಬಿಚ್ಚಿ ನೋಡಿ. ತಲೆ ಹೊಳೆಯುತ್ತಿದ್ದು ನಡುಭಾಗ ತುಕ್ಕು ಹಿಡಿದಿದ್ದರೆ ಒಳಗೆ ನೀರಿದೆ. ಸೀಟಿನ ಸ್ಕ್ರೂಗಳು ತಿರುಗಿಸಿದಷ್ಟೂ ತಿರುಗಿ ಬಿಗಿಯೇ ಆಗದಿದ್ದರೆ ಅಲ್ಲಿ ಮರವೇ ಉಳಿದಿಲ್ಲ. ಡ್ರೈನ್ ತೂತಿನ ಹಿತ್ತಾಳೆ ಕೊಳವೆಯನ್ನೂ ಬಿಡಬೇಡಿ. ಅದರ ಅಂಚು ಸೀಳಿದ್ದರೆ ಬೋಟ್ ಖಾಲಿ ಮಾಡುವಾಗೆಲ್ಲ ಟ್ರಾನ್ಸಮ್ ಮರಕ್ಕೆ ನೀರು ಕುಡಿಸಿದಂತೆ.

ಬೋಟಿನ ಮೇಲ್ಭಾಗ ಮತ್ತು ಕೆಳಭಾಗ ಸೇರುವ ಕಡೆ ಸುತ್ತಲೂ ರಬ್ಬರ್ ಪಟ್ಟಿ ಇರುತ್ತದೆ. ಅದರ ಹಿಂದೆ ಸೋರುತ್ತಿದೆಯಾ ಅಂತ ತಿಳಿಯಲು ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಅಡಿ ಅಡಿಯಾಗಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ಒದ್ದೆಯಾಗಿ ಯಾವ ಸಂದಿ ಅಂತ ಗೊತ್ತಾಗಲ್ಲ.

ತಳದಲ್ಲೇ ಬಿರುಕಿದೆ ಅನ್ನುವ ಅನುಮಾನ ಇದ್ದರೆ ಈ ಪರೀಕ್ಷೆಯನ್ನೇ ಉಲ್ಟಾ ಮಾಡಿ. ಹೊರಗಡೆ ಸುಣ್ಣದ ತಿಳಿಯನ್ನು ತೆಳ್ಳಗೆ ಬಳಿದು ಒಣಗಿಸಿ, ಬೋಟಿನ ಒಳಗೆ ಎರಡು ಮೂರು ಇಂಚು ನೀರು ನಿಲ್ಲಿಸಿ. ಸೋರುವ ಕಡೆ ಬಿಳಿ ಮೇಲೆ ಕಪ್ಪು ಕಲೆ ಏಳುತ್ತದೆ. ಜಾಸ್ತಿ ನೀರು ತುಂಬಬೇಡಿ. ಕೆಳಗೆ ಆಸರೆ ಸಾಲದಿದ್ದರೆ ಆ ಭಾರಕ್ಕೆ ತಳವೇ ಬಾಗುತ್ತದೆ.

ಗೆರೆ, ಗುಳ್ಳೆ, ಕುಣಿತ

ಮೇಲಿನ ಹೊಳಪಿನ ಪದರ, ಅಂದರೆ ಜೆಲ್‌ಕೋಟ್ ಮೇಲೆ ಕೂದಲೆಳೆಯ ಬಿರುಕು ಕಂಡು ಹೆದರುವವರು ಬಹಳ. ಸ್ವಲ್ಪ ಇಂಕ್ ಸವರಿ ಒರೆಸಿ, ಗೆರೆ ಎದ್ದು ಕಾಣುತ್ತದೆ. ಒಂದು ಬಿಂದುವಿನಿಂದ ಸುತ್ತಲೂ ಚದುರಿದ್ದರೆ ಅಲ್ಲಿ ಏಟು ಬಿದ್ದಿದೆ. ಸಾಲು ಸಾಲಾಗಿ ಒಂದೇ ದಿಕ್ಕಿಗಿದ್ದರೆ ಆ ಜಾಗ ಮಡಿಸಿಕೊಳ್ಳುತ್ತಿದೆ, ಅದರ ಹಿಂದಿನ ತೊಲೆ ನೋಡಬೇಕು. 120 ನಂಬರ್ ಮರಳು ಕಾಗದದಲ್ಲಿ ಉಜ್ಜಿ. ಗೆರೆ ಮಾಯವಾದರೆ ಅದು ಜೆಲ್‌ಕೋಟಿಗಷ್ಟೇ ಸೀಮಿತ.

ತಳದಲ್ಲಿ ಗುಳ್ಳೆಗಳಿದ್ದರೆ ಕನ್ನಡಕ ಹಾಕಿಕೊಂಡು ದಬ್ಬಣದಿಂದ ಚುಚ್ಚಿ. ಒಳಗೆ ಒತ್ತಡ ಇರುತ್ತದೆ, ಕಣ್ಣಿಗೆ ಹಾರಬಹುದು. ವಿನೆಗರ್ ಥರ ಹುಳಿ ವಾಸನೆಯ ದ್ರವ ಬಂದರೆ ಬೋಟ್ ತಿಂಗಳುಗಟ್ಟಲೆ ನೀರಲ್ಲೇ ನಿಂತಿತ್ತು ಅನ್ನಬಹುದು. ಬಿಡಿಸಿ, ತೊಳೆದು, ಒಣಗಿಸಿ ತುಂಬಬೇಕು. ಅಷ್ಟು ಅವಸರದ ಕೆಲಸವಲ್ಲ.

ವೇಗದಲ್ಲಿ ಮೂತಿ ಏಳುತ್ತಾ ಬೀಳುತ್ತಾ ಕುಣಿಯುತ್ತದೆ ಅನ್ನುವ ದೂರಿದ್ದರೆ ಗಾರೆ ಮೇಸ್ತ್ರಿಯ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ತಂದು ತಳದ ಹಿಂದಿನ ಐದಾರು ಅಡಿಗೆ ಹಿಡಿಯಿರಿ. ಅಲ್ಲಿ ತಳ ನೇರ ಇರಬೇಕು. ಹೊರಕ್ಕೆ ಉಬ್ಬಿದ್ದರೆ ಬೋಟ್ ಕುಣಿಯುತ್ತದೆ, ಒಳಕ್ಕೆ ತಗ್ಗಿದ್ದರೆ ಮೂತಿ ನೀರಿಗೆ ಒತ್ತುತ್ತದೆ. ವರ್ಷಗಟ್ಟಲೆ ಟ್ರೈಲರಿನ ತಪ್ಪು ಜಾಗದಲ್ಲಿ ಆಸರೆ ಕೊಟ್ಟು ನಿಲ್ಲಿಸಿದ್ದರೆ ಹೀಗಾಗುತ್ತದೆ.

ಸಿಕ್ಕಿದ್ದನ್ನು ಹೇಗೆ ಓದಬೇಕು

ನೆಲ ಮಾತ್ರ ಕೊಳೆತು ಸ್ಟ್ರಿಂಗರುಗಳ ಪುಡಿ ಒಣಗಿ ಬಂದಿದ್ದರೆ ಅದೃಷ್ಟ, ಹಲಗೆ ಬದಲಾಯಿಸಿದರೆ ಸಾಕು. ಸ್ಟ್ರಿಂಗರ್ ಒದ್ದೆ ಇದ್ದರೆ ಪೂರಾ ನೆಲ ಏಳಬೇಕು. ಆಗ ಬೋಟಿಗೆ ಕೆಳಗಿನಿಂದ ಎಲ್ಲ ಕಡೆ ಆಸರೆ ಕೊಟ್ಟು, ರಸಮಟ್ಟ ಹಿಡಿದು ನೋಡಿ, ಒಂದು ತೊಲೆ ಮುಗಿಸಿದ ಮೇಲೆ ಇನ್ನೊಂದು ತೆಗೆಯಿರಿ. ಒಟ್ಟಿಗೆ ಕಿತ್ತರೆ ಚಿಪ್ಪು ತನ್ನ ಆಕಾರ ಬಿಡುತ್ತದೆ. ಟ್ರಾನ್ಸಮ್ ಒದ್ದೆ ಇದ್ದರೆ ಮೋಟಾರ್ ಇಳಿಸಲೇಬೇಕು. ಮೂರೂ ಹೋಗಿ, ತಳವೂ ಸೊಟ್ಟಗಿದ್ದು, ಕಂಪ್ರೆಷನ್ನೂ ಇಲ್ಲದಿದ್ದರೆ, ಮತ್ತು ನೀವಿನ್ನೂ ದುಡ್ಡು ಕೊಟ್ಟಿಲ್ಲದಿದ್ದರೆ, ಕೈಮುಗಿದು ವಾಪಸ್ ಬನ್ನಿ.

ಈ ಹಂತದಲ್ಲಿ ಸುಲಭದ ಸಲಹೆಗಳು ಬರುತ್ತವೆ. ನಮ್ಮ ಶೆಡ್ಡಿಗೆ ಬಂದ ಫೈಬರ್ ಕೆಲಸದವರು, "ಸಾರ್, ಮೇಲೆ ಎರಡು ಪದರ ಮ್ಯಾಟ್ ಎಳೆದುಬಿಟ್ರೆ ಗಟ್ಟಿ ಆಗೋಗುತ್ತೆ, ಕೀಳೋದೆಲ್ಲ ಯಾಕೆ?" ಅಂದರು. "ಕೆಳಗಿರೋ ನೀರು ಎಲ್ಲಿಗೆ ಹೋಗುತ್ತಣ್ಣ?" ಅಂತ ಷಡ್ಡಕ ಕೇಳಿದ್ದಕ್ಕೆ ಅವರಲ್ಲಿ ಉತ್ತರ ಇರಲಿಲ್ಲ. ಸಿರಿಂಜಿನಲ್ಲಿ ರೆಸಿನ್ (ಫೈಬರನ್ನು ಅಂಟಿಸಿ ಗಟ್ಟಿ ಮಾಡುವ ದ್ರವ) ತುಂಬುವುದೂ ಇಂಥದ್ದೇ. ಒದ್ದೆ ಮರಕ್ಕೆ ರೆಸಿನ್ ಹಿಡಿಯಲ್ಲ, ಕೊಳೆತ ಮರ ಒಣಗಿದರೂ ಬಲ ವಾಪಸ್ ಬರಲ್ಲ.

ಹೊಸ ಮರಕ್ಕೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಕೇಳಿ. ವಾಟರ್‌ಪ್ರೂಫ್ ಅಂತ ಬಾಯಲ್ಲಿ ಹೇಳಿ ಐಎಸ್ 303, ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್ ಕೊಡುವ ಅಂಗಡಿಗಳಿವೆ, ಹಲಗೆ ಮೇಲಿನ ಮುದ್ರೆ ನೀವೇ ಓದಿ. ತೇಗ ಹಾಕೋಣ ಅಂತ ಹಿರಿಯರು ಹೇಳಿದರೆ ನಯವಾಗಿ ಬೇಡ ಅನ್ನಿ. ತೇಗದ ಎಣ್ಣೆಗೆ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಅಂಟಲ್ಲ.

ಹಾಕಿದ ಪ್ಯಾಚ್ ಅಂಟಂಟಾಗಿದ್ದರೆ

ಬೆರಳಿಟ್ಟರೆ ಮೇಲೆ ಮಾತ್ರ ಅಂಟು, ಉಗುರು ಇಳಿಯಲ್ಲ ಅಂದರೆ ದೋಷ ಇಲ್ಲ. ಮೇಣ ಬೆರೆಸದ ಪಾಲಿಯೆಸ್ಟರ್ ರೆಸಿನ್ ಗಾಳಿ ತಗುಲುವ ಮೇಲ್ಮೈಯಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ. ಅಸಿಟೋನಿನಲ್ಲಿ ಒರೆಸಿ ಮುಂದುವರಿಯಿರಿ. ಉಗುರು ಒಳಗಿಳಿದರೆ ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಕಮ್ಮಿ ಬಿದ್ದಿದೆ, ಅಥವಾ ರೆಸಿನ್ ಹಳೇದು. ಅದನ್ನು ಕೆರೆದು ತೆಗೆಯಬೇಕು, ಮೇಲೆ ಇನ್ನೊಂದು ಪದರ ಹಾಕಿದರೆ ಕೆಳಗಿನದು ಹಸಿಯಾಗೇ ಉಳಿಯುತ್ತದೆ. ಡಬ್ಬಿಯಲ್ಲೇ ಹೊಗೆ ಬಂದು ಬಿರಿದರೆ ಹಾರ್ಡನರ್ ಜಾಸ್ತಿ, ಇಲ್ಲವೇ ಒಂದೇ ಸಲ ತುಂಬಾ ಕಲಸಿದ್ದೀರಿ. ನೂರು ಗ್ರಾಂ ರೆಸಿನ್ನಿಗೆ ಒಂದರಿಂದ ಎರಡು ಎಂಎಲ್ ಹಾರ್ಡನರ್ ಸಾಕು. ತುಮಕೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಒಂದೇ ಹಾಕಿದರೂ ಬ್ರಷ್ ಎತ್ತುವಷ್ಟರಲ್ಲಿ ಗಟ್ಟಿಯಾಗುತ್ತದೆ, ಬೆಳಿಗ್ಗೆ ಹೊತ್ತು ಕೆಲಸ ಮಾಡಿ.

ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಕೋಬಾಲ್ಟ್ ಮತ್ತು ಹಾರ್ಡನರನ್ನು ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಬೆಂಕಿ ಹತ್ತುತ್ತದೆ. ಎರಡಕ್ಕೂ ಒಂದೇ ಅಳತೆ ಮುಚ್ಚಳ ಬಳಸುವ ಅಭ್ಯಾಸವೂ ಬೇಡ.

ಪಾಲಿಯೆಸ್ಟರ್ ಬದಲು ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್ ಬಳಸುವ ಯೋಚನೆ ಇದ್ದರೆ ಮೊದಲೇ ನಿರ್ಧರಿಸಿ. ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಅಷ್ಟು ಚೆನ್ನಾಗಿ ಹಿಡಿಯಲ್ಲ. ಬೋಲ್ಟಿನ ತೂತುಗಳಿಗಂತೂ ಎಪಾಕ್ಸಿಯೇ ಸರಿ. 10 ಎಂಎಂ ಬೋಲ್ಟಿಗೆ 18 ಎಂಎಂ ತೂತು ಕೊರೆದು, ಫಿಲ್ಲರ್ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿ ತುಂಬಿ, ಮಾರನೇ ದಿನ ಅದರ ನಡುವೆ 10 ಎಂಎಂ ಕೊರೆಯಿರಿ. ಆಮೇಲೆ ಸೀಲೆಂಟ್ ಬಿಟ್ಟುಕೊಂಡರೂ ನೀರಿಗೆ ಮರ ಸಿಗುವುದಿಲ್ಲ.